ಬಡಿಸುವವನ ಬಾಯಲ್ಲಿ ‘ಸಾಕು’

ಮಠದ ಹಿಂದಿನಿಂದ ಹೂರಣದ ವಾಸನೆ ಬರುತ್ತಿದೆ. ನನಗೂ ಬಂತು, ನಿಮಗೂ ಬಂದಿದೆ. ಹಿಂದಿನ ಸಾಲಿನವರು ಆಗಲೇ ಕಾಲು ಸಡಿಲ ಮಾಡಿಕೊಂಡು ಏಳುವ ತಯಾರಿಯಲ್ಲಿದ್ದೀರಿ. ಕೂತುಕೊಳ್ಳಿ. ಪ್ರಸಾದ ಎಲ್ಲಿಗೂ ಓಡಿಹೋಗುವುದಿಲ್ಲ. ದುಡಿಮೆಯ ಮಾತು ತೆಗೆದಿದ್ದೇನೆ, ಅದಕ್ಕೊಂದು ದೃಷ್ಟಾಂತ ಹೇಳಿ ನಿಮ್ಮನ್ನು ಬಿಟ್ಟುಬಿಡುತ್ತೇನೆ. ಹೇಗೂ ನಿಮ್ಮ ಮನಸ್ಸು ಅಡುಗೆಮನೆಯಲ್ಲಿದೆ, ಕಥೆಯೂ ಊಟದ್ದೇ ಇರಲಿ.

ಒಬ್ಬ ಸಾಹುಕಾರ. ಯಾವ ಊರು ಅಂತ ಕೇಳಬೇಡಿ. ಹೇಳಿದರೆ ಆ ಊರಿನವರು ಮುಂದಿನ ವರ್ಷ ನನ್ನನ್ನು ಪ್ರವಚನಕ್ಕೆ ಕರೆಯುವುದಿಲ್ಲ. ಊಟದ ಕಂಪನಿ ಅವನದು. ಮದುವೆ ಇರಲಿ, ಜವಳ ಇರಲಿ, ಮನೆ ಶಾಂತಿ ಇರಲಿ, ಒಂದು ಫೋನ್ ಮಾಡಿದರೆ ಸಾಕು, ಪಾತ್ರೆ, ಒಲೆ, ಅಡುಗೆಯವರು, ಬಡಿಸುವವರು, ಎಲೆ ಎತ್ತುವವರು ಎಲ್ಲ ಗಾಡಿಯಲ್ಲಿ ಬಂದು ಇಳಿಯುತ್ತಿದ್ದರು. ನೀವು ಬೀಗರಿಗೆ ಕೈ ಮುಗಿದು ನಿಂತರಾಯಿತು, ಉಳಿದದ್ದೆಲ್ಲ ಕಂಪನಿಯ ಪಾಲು.

ಆ ಕಂಪನಿ ಹುಟ್ಟಿದ್ದು ಹೇಗೆ? ಒಬ್ಬ ಹೆಣ್ಣುಮಗಳಿಂದ. ಆಕೆ ಮದುವೆ ಮನೆಗಳಲ್ಲಿ ಹೋಳಿಗೆ ಮಾಡುತ್ತಿದ್ದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ತಾಯಿ ತಂದೆ ಇಲ್ಲದ ಒಬ್ಬ ಹುಡುಗನನ್ನು, ಅಂದರೆ ಈ ಸಾಹುಕಾರನನ್ನೇ, ಎತ್ತಿಕೊಂಡು ಬಂದು ಸಾಕಿದಳು. ಅದಕ್ಕೇ ಊರೆಲ್ಲ ಆಕೆಯನ್ನು ಸಾಕವ್ವ ಅಂತ ಕರೆಯುತ್ತಿತ್ತು. ಹುಡುಗ ತುಂಟತನ ಮಾಡಿದಾಗೆಲ್ಲ ತಲೆ ಚಚ್ಚಿಕೊಂಡು ಹೇಳುತ್ತಿದ್ದಳು: “ನಿನ್ನ ಸಾಕಿ ಸಾಕಾತೋ ನನಗ.” ನಿಮ್ಮ ಮನೆಯಲ್ಲೂ ಈ ಮಾತು ಇದೆ. ನಗಬೇಡಿ, ಇಲ್ಲಿ ಕೂತವರಲ್ಲಿ ಈ ಮಾತು ಕೇಳದೆ ಬೆಳೆದವರು ಯಾರಿದ್ದೀರಿ?

ಸಾಕವ್ವ ಬರೀ ಮಾಡುತ್ತಿರಲಿಲ್ಲ, ಬಡಿಸುತ್ತಲೂ ಇದ್ದಳು. ಆಕೆ ಬಡಿಸುವ ರೀತಿ ಹೇಗೆ ಅಂದರೆ, ನಮ್ಮ ಕಡೆಯ ರೀತಿ. ಬುಟ್ಟಿ ಹಿಡಿದು ಎಲೆಯ ಮುಂದೆ ನಿಂತು “ಇನ್ನೊಂದ ತಗೋ ನನ್ನಪ್ಪಾ” ಅನ್ನುವುದು. ಬೇಡ ಅಂದರೆ ಅರ್ಧ ಹರಿದು ಹಾಕುವುದು. ಕೊನೆಗೆ ಉಣ್ಣುವವನು ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದು, ಬಗ್ಗಿ, “ಸಾಕವ್ವಾ, ಸಾಕು” ಅನ್ನಬೇಕು. ಆಗಲೇ ಆಕೆ ಮುಂದಿನ ಎಲೆಗೆ ಹೋಗುವವಳು. ನೋಡಿ, ಜಗತ್ತಿನಲ್ಲಿ ಎಷ್ಟೋ ಕಡೆ ಒಳ್ಳೆಯ ಅಡುಗೆ ಇದೆ. ಆದರೆ ಉಣ್ಣಲು ಬಂದವನು ಕೈ ಅಡ್ಡ ಹಿಡಿದು ತನ್ನನ್ನು ಕಾಪಾಡಿಕೊಳ್ಳಬೇಕಾದ ನಾಡು ನಮ್ಮದು. ನನಗೆ ಇದನ್ನು ಹೇಳುವಾಗ ಹೆಮ್ಮೆಯಾಗುತ್ತದೆ. ನಿಮಗೂ ಆಗಬೇಕು.

ಹುಡುಗ ದೊಡ್ಡವನಾದ, ಬುದ್ಧಿವಂತನಾದ, ಕಂಪನಿ ಕಟ್ಟಿದ. ಸಾಕವ್ವನಿಗೆ ವಯಸ್ಸಾಯಿತು, ಮನೆಯಲ್ಲಿ ಕೂತಳು. ಕಂಪನಿ ಬೆಳೆದಂತೆ ಒಂದೇ ದಿನ ಅಲ್ಲೊಂದು ಮದುವೆ, ಇಲ್ಲೊಂದು ಸೀಮಂತ. ಒಂದು ಪಂಕ್ತಿ ಏಳುವುದು ತಡವಾದರೆ ಗಾಡಿ ಇನ್ನೊಂದು ಊರು ಮುಟ್ಟುವುದು ತಡ. ಸಾಹುಕಾರ ಒಂದು ದಿನ ಪಂಕ್ತಿಯ ತುದಿಗೆ ನಿಂತು ಗಮನಿಸಿದ. ಬಡಿಸುವವನು “ಇನ್ನೊಂದು ಹಾಕಲೇನ್ರಿ?” ಅಂತ ಕೇಳಿದರೆ ಉಣ್ಣುವವನು ಬೇಡ ಅನ್ನುತ್ತಾನೆ, ಆಮೇಲೆ ಪಕ್ಕದವನ ಮುಖ ನೋಡುತ್ತಾನೆ, ಆಮೇಲೆ ಅರ್ಧ ಹಾಕು ಅನ್ನುತ್ತಾನೆ. ಇಷ್ಟಕ್ಕೆ ಎಷ್ಟು ಹೊತ್ತು! ಹಾಗಾಗಿ ಮಾತನ್ನೇ ಬದಲಿಸಿದ. ಇನ್ನು ಮೇಲೆ ಹಾಕಲೇ ಅಂತ ಕೇಳಬೇಡಿ, “ಸಾಕಲ್ರೀ?” ಅಂತ ಕೇಳಿ ಅಂತ ಬಡಿಸುವವರಿಗೆಲ್ಲ ಕಲಿಸಿದ.

ಎಂಥ ಜಾಣ ನೋಡಿ. ನಮ್ಮವರ ಎಲೆಯ ಮುಂದೆ ನಿಂತು “ಸಾಕಲ್ರೀ?” ಅಂತ ಕೇಳಿದರೆ ಏನು ಹೇಳುತ್ತಾರೆ? “ಇಲ್ಲ, ಸಾಕಾಗಿಲ್ಲ, ಇನ್ನೂ ಹಾಕು” ಅನ್ನುವ ಗಂಡಸು ಇದ್ದಾನಾ? ಹೆಂಗಸಂತೂ ದೂರದ ಮಾತು. ಮಾನವಂತರು. ಹೊಟ್ಟೆ ಅರ್ಧ ಖಾಲಿ ಇದ್ದರೂ “ಹೂಂ, ಸಾಕ್ರಿ” ಅನ್ನುತ್ತಾರೆ. ಅಂದರು. ಪಂಕ್ತಿ ಬೇಗ ಎದ್ದವು, ಹೋಳಿಗೆ ಉಳಿದವು, ಗಾಡಿ ಹೊತ್ತಿಗೆ ಸರಿಯಾಗಿ ಹೊರಟವು. ಕೈ ತೊಳೆಯುವ ಜಾಗದಲ್ಲಿ ಒಬ್ಬ ಸುಪರ್‌ವೈಸರ್‌ನನ್ನು ನಿಲ್ಲಿಸಿದ. ಅವನು ಒದ್ದೆ ಕೈಯ ಜನರನ್ನೆಲ್ಲ ಕೇಳುವವನು, “ಊಟ ಚಲೋ ಆತಲ್ರೀ?” ಎಲ್ಲರೂ ಹೇಳುವವರು, “ಆತ್ರಿ.” ಸಾಹುಕಾರನಿಗೆ ಹಿಗ್ಗೋ ಹಿಗ್ಗು. ನಮ್ಮ ಗಿರಾಕಿಗಳಲ್ಲಿ ಅತೃಪ್ತರು ಒಬ್ಬರೂ ಇಲ್ಲ ಅಂತ ಹೋದಲ್ಲಿ ಬಂದಲ್ಲಿ ಹೇಳಿದ. ಗಾಡಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ: ‘ಎಲ್ಲರ ಬಾಯಲ್ಲೂ ಒಂದೇ ಮಾತು, ಸಾಕು!’

ಓದಿದ ಜನ ಒಳಗೊಳಗೇ ನಕ್ಕರು. ಅವನಿಗೆ ಗೊತ್ತಾಗಲಿಲ್ಲ.

ಇಷ್ಟೆಲ್ಲ ಆದರೂ ಅವನಿಗೆ ಒಂದು ಕೊರತೆ ಇತ್ತು. ಊರೆಲ್ಲ ಹೊಗಳುತ್ತದೆ, ಸಾಕವ್ವ ಮಾತ್ರ ಒಂದು ದಿನವೂ ‘ಭೇಷ್ ಮಗನೇ’ ಅನ್ನಲಿಲ್ಲ. ಯಾಕೆಂದರೆ ಆಕೆ ಕಂಪನಿಯ ಊಟಕ್ಕೆ ಯಾವತ್ತೂ ಬಂದಿರಲಿಲ್ಲ. ಎಷ್ಟು ಗಳಿಸಿದರೇನು, ಸಾಕಿದವಳ ಬಾಯಿಂದ ಒಂದು ಒಳ್ಳೆಯ ಮಾತು ಬರದಿದ್ದರೆ ಅವನಿಗೆ ಎಲ್ಲವೂ ಸಪ್ಪೆ. ಕಂಪನಿಯ ಹೊಸ ಅಡುಗೆಮನೆ ಕಟ್ಟಿಸಿದ. ಅದರ ಪೂಜೆಯ ದಿನ ಅಷ್ಟು ವರ್ಷದ ಗಿರಾಕಿಗಳನ್ನೆಲ್ಲ ಊಟಕ್ಕೆ ಕರೆದ. ಸಾಕವ್ವನ ಕೈ ಹಿಡಿದು ಕರೆತಂದು, ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿದ. ಇಷ್ಟು ಜನರ ತೃಪ್ತಿಯನ್ನು ಕಣ್ಣಾರೆ ಕಂಡ ಮೇಲಾದರೂ ಒಂದು ಮಾತು ಅಂದಾಳು ಅಂತ ಆಸೆ. ಆಕೆ ಹೇಳಿದಳು, ನೀನೂ ಪಕ್ಕಕ್ಕೆ ಕೂತರೆ ನಾನು ಉಣ್ಣುತ್ತೇನೆ ಅಂತ.

ಈಗ ನೀವು ಯೋಚನೆ ಮಾಡಿ. ಅಷ್ಟು ವರ್ಷ ಊಟ ಹಾಕಿದವನು, ತನ್ನ ಕಂಪನಿಯ ಎಲೆಯ ಮುಂದೆ ಒಂದು ಸಲವೂ ಕೂತಿರಲಿಲ್ಲ. ಕೂತ.

ಎಣಗಾಯಿ ಬಂತು, ಕಟ್ಟಿನ ಸಾರು ಬಂತು. ಹೋಳಿಗೆ ಬಂತು, ಮೇಲೆ ತುಪ್ಪ ಬಂತು. ಅಡುಗೆ ಹೆಸರಿಡುವ ಹಾಗಿರಲಿಲ್ಲ. ಹೋಳಿಗೆ ಬಾಯಲ್ಲಿ ಕರಗಿತು, ಇನ್ನೊಂದು ಬೇಕು ಅನ್ನಿಸಿತು. ಬುಟ್ಟಿ ಹಿಡಿದ ಆಳು ದೂರದಿಂದ ಬರುವುದನ್ನು ಅವನೇ ಕತ್ತು ಉದ್ದ ಮಾಡಿ ನೋಡಿದ. ಆಳು ಬಂದ. ನಿಲ್ಲಲಿಲ್ಲ, ನಡೆಯುತ್ತಲೇ ಕೇಳಿದ, “ಸಾಕಲ್ರೀ?” ಸಾಕವ್ವ ಆಳಿನ ಮುಖ ಒಂದು ಸಲ ನೋಡಿ ಸಾಕು ಅಂದಳು. ಸಾಹುಕಾರ ಏನಂದ? ಕಂಪನಿ ಅವನದು, ಹೋಳಿಗೆ ಅವನದು, ಬುಟ್ಟಿ ಅವನದು. ಹಾಕು ಅಂದರೆ ಬೇಡ ಅನ್ನುವವರು ಯಾರು? ಆದರೂ ಬಾಯಿಂದ ಬಂದದ್ದು, “ಹೂಂ, ಸಾಕು.” ಬುಟ್ಟಿ ಮುಂದಕ್ಕೆ ಹೋಯಿತು. ಅವನು ಅದರ ಬೆನ್ನನ್ನೇ ನೋಡುತ್ತ ಕೂತ.

ಕೈ ತೊಳೆಯಲು ಎದ್ದ. ಅಲ್ಲಿ ಗದ್ದಲದಲ್ಲಿ ಮುಖ ನೋಡದೆ ಸುಪರ್‌ವೈಸರ್ ರೂಢಿಯಂತೆ ಕೇಳಿದ, “ಊಟ ಚಲೋ ಆತಲ್ರೀ?” ಸಾಹುಕಾರನೂ ರೂಢಿಯಂತೆ ಹೇಳಿದ, “ಭಾಳ ಚಲೋ ಆತ್ರಿ.” ಹೇಳಿದ ಮೇಲೆ ನೀರು ಬಿಟ್ಟ ನಳದ ಮುಂದೆ ಹಾಗೇ ನಿಂತುಬಿಟ್ಟ. ತನ್ನ ಕಂಪನಿಗೆ ತಾನೇ ಸುಳ್ಳು ಹೇಳಿ ಬಂದಿದ್ದ.

ಸಾಕವ್ವನ ಹತ್ತಿರ ಬಂದು ಮೆಲ್ಲಗೆ ಕೇಳಿದ, ಅವ್ವಾ ಹೊಟ್ಟೆ ತುಂಬಿತಾ ಅಂತ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ನಿನಗೆ ತುಂಬಿತಾ ಅಂತ ಕೇಳಿದಳು. ಸುಪರ್‌ವೈಸರ್‌ಗೆ ಸುಳ್ಳು ಹೇಳಬಹುದು. ಉಣ್ಣಿಸಿ ಬೆಳೆಸಿದವಳಿಗೆ ಹೊಟ್ಟೆಯ ವಿಷಯದಲ್ಲಿ ಸುಳ್ಳು ಹೇಳಲು ಆಗುತ್ತದಾ? ತಲೆ ತಗ್ಗಿಸಿದ.

ಆಗ ಆಕೆ ಅಂದಳು:

“ಸಾಕು ಅನ್ನೂದು ಉಣ್ಣಾವನ ಮಾತು ತಮ್ಮಾ. ಬಡಸಾವನ ಬಾಯಾಗ ಅದು ಬರಬಾರದು. ನೀ ಅದನ್ನ ಅವರ ಬಾಯಾಗಿಂದ ಕಸಗೊಂಡು ನಿನ್ನ ಬಾಯಾಗ ಇಟಗೊಂಡಿ. ಇನ್ನ ಅವರಿಗೇನ ಉಳೀತು? ಹೂಂ ಅನ್ನೂದೊಂದ.”

ಅಷ್ಟೇ ಅಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಹೊರಗೆ ಎರಡನೇ ಪಂಕ್ತಿ ಕೂತಿತ್ತು. ಸಾಹುಕಾರ ಶರ್ಟಿನ ತೋಳು ಮಡಚಿದ, ಧೋತರ ಎತ್ತಿ ಕಟ್ಟಿದ, ಆಳಿನ ಕೈಯಿಂದ ಬುಟ್ಟಿ ಇಸಿದುಕೊಂಡ. ಇವತ್ತಿನಿಂದ ಯಾರೂ ಆ ಮಾತು ಆಡಬಾರದು ಅಂತ ಬಡಿಸುವವರಿಗೆಲ್ಲ ಕೂಗಿ ಹೇಳಿದ. ಮೊದಲ ಎಲೆಯಲ್ಲಿ ಕೂತಿದ್ದವನು ಹಳೆಯ ಗಿರಾಕಿ. ಮಗಳ ಮದುವೆ ಈ ಕಂಪನಿಯಿಂದಲೇ ಮಾಡಿಸಿದ್ದ, ಆಮೇಲೆ ಮಗನ ಮದುವೆಗೆ ಬೇರೆಯವರನ್ನು ಕರೆದಿದ್ದ. ಅವನ ಎಲೆಯ ಮುಂದೆ ನಿಂತು ಸಾಹುಕಾರ “ಇನ್ನೊಂದ ತಗೋರಿ” ಅಂದ. ಬೇಡ ಅಂದ ಮೇಲೂ ಒಂದು ಹಾಕಿದ. ಆಮೇಲೆ ಅರ್ಧ ಹಾಕಿದ. ಆ ಗಿರಾಕಿ ಉಂಡ, ಉಂಡು ತಲೆ ಎತ್ತಿದ. ಅವನ ಕಣ್ಣಲ್ಲಿ ನೀರಿತ್ತು. ಮಗಳ ಮದುವೆಯಲ್ಲಿ ಬೀಗರು ಅರೆಹೊಟ್ಟೆಯಲ್ಲಿ ಎದ್ದರು, ಇವತ್ತಿಗೂ ಆಕೆಗೆ ಅತ್ತೆಯ ಮನೆಯಲ್ಲಿ ಅದೇ ಮಾತು ಕೇಳುವುದು ತಪ್ಪಿಲ್ಲ ಅಂತ ಹೇಳಿದ. ಹಾಗಾದರೆ ಆವತ್ತೇ ಯಾಕೆ ಹೇಳಲಿಲ್ಲ ಅಂತ ಸಾಹುಕಾರ ಕೇಳಿದ. “ನೀವು ಕೇಳಿದ್ದ ಹಂಗಿತ್ತಲ್ರಿ,” ಅಂದ ಆ ಮನುಷ್ಯ, “ಚಲೋ ಆತಲ್ರೀ ಅಂದ್ರಿ. ಆತು ಅಂದೆ.”

ಕೇಳಿದಿರಾ? ಗಿರಾಕಿ ಸುಮ್ಮನಿದ್ದ ಅಂದರೆ ಸಂತೋಷವಾಗಿದ್ದ ಅಂತಲ್ಲ. ನೀವು ಅವನಿಗೆ ಬಾಯಿ ಬಿಡಲು ಜಾಗವನ್ನೇ ಬಿಟ್ಟಿರಲಿಲ್ಲ.

ಇನ್ನೊಂದು ಫಜೀತಿ ಆಯಿತು. ಹೊಸ ಮಾತಿನಂತೆ ಬಡಿಸುತ್ತ ಹೋದರು, ಅರ್ಧ ಪಂಕ್ತಿಗೇ ಬುಟ್ಟಿ ಖಾಲಿ! ಆಗಬೇಕಾದದ್ದೇ. ಮಾಡಿದ್ದು ‘ಸಾಕಲ್ರೀ’ ಲೆಕ್ಕದಲ್ಲಿ, ಬಡಿಸಿದ್ದು ಸಾಕವ್ವನ ಲೆಕ್ಕದಲ್ಲಿ. ಕರೆದ ಗಿರಾಕಿಗಳು ಎಲೆಯ ಮುಂದೆ, ಬುಟ್ಟಿಯಲ್ಲಿ ಏನೂ ಇಲ್ಲ. ಬೇರೆ ಯಾವನಾದರೂ ಆಗಿದ್ದರೆ ಅನ್ನ ಬಡಿಸಿ ಅನ್ನ ಬಡಿಸಿ ಅಂತ ಗದ್ದಲ ಮಾಡಿ ಮುಚ್ಚಿಹಾಕುತ್ತಿದ್ದ. ಇವನು ಪಂಕ್ತಿಯ ನಡುವೆ ನಿಂತು ಕೈ ಮುಗಿದು ಹೇಳಿದ, ಹೋಳಿಗೆ ತೀರಿವೆ, ತಪ್ಪು ನನ್ನದು, ಯಾರೂ ಏಳಬೇಡಿ, ಒಲೆ ಹಚ್ಚುತ್ತೇನೆ ಅಂತ.

ಒಬ್ಬರೂ ಏಳಲಿಲ್ಲ. ಸಾಕವ್ವ ಒಲೆಯ ಮುಂದೆ ಹೋಗಿ ಕೂತಳು. ಕಣಕ ಹಿಡಿದಳು. ಅದನ್ನು ನೋಡಿ ಪಂಕ್ತಿಯಿಂದ ಒಬ್ಬ ಹೆಣ್ಣುಮಗಳು ಎದ್ದು ಒಲೆಯ ಹತ್ತಿರ ಹೋದಳು, ಹಿಂದೆ ಇನ್ನೊಬ್ಬಳು. ಒಬ್ಬಳು ಹೂರಣ ತುಂಬಿದಳು, ಒಬ್ಬಳು ಲಟ್ಟಿಸಿದಳು, ಒಬ್ಬಳು ಬೇಯಿಸಿದಳು. ಗಿರಾಕಿಯೇ ಎದ್ದು ಬಂದು ಲಟ್ಟಣಿಗೆ ಹಿಡಿದ ಕಂಪನಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಮ್ಮಲ್ಲಿ ಆಗುತ್ತದೆ ರೀ. ತಪ್ಪನ್ನು ಒಪ್ಪಿಕೊಂಡವನ ಮರ್ಯಾದೆಯನ್ನು ಕಾಯುವ ಜನ ನಾವು. ಇಂಥ ಜನರ ಮುಂದೆ ಮಾತಾಡುತ್ತೇನಲ್ಲ, ಅದೇ ನನ್ನ ಭಾಗ್ಯ ಅಂದುಕೊಂಡಿದ್ದೇನೆ.

ಎಲ್ಲರದೂ ಊಟವಾಯಿತು. ಅಡುಗೆಯವರು, ಪಾತ್ರೆ ತೊಳೆಯುವವರು, ಬಡಿಸಿದವರು ಕೊನೆಯ ಪಂಕ್ತಿಗೆ ಕೂತರು. ಅವರ ನಡುವೆ ಸಾಕವ್ವ ಮತ್ತೆ ಕೂತಳು. ಸಾಹುಕಾರ ಬುಟ್ಟಿ ಹಿಡಿದು ಬಂದ. ಬಿಸಿ ಹೋಳಿಗೆ ಹಾಕಿದ. “ಇನ್ನೊಂದ ತಗೋ ಅವ್ವಾ” ಅಂದ. ಬೇಡ ಅಂದಳು. ಅರ್ಧ ಹಾಕಿದ. ಉಂಡಳು. ಮತ್ತೆ ಬಗ್ಗಿದ. ಆಗ ಸಾಕವ್ವ ಎರಡೂ ಕೈ ಎಲೆಯ ಮೇಲೆ ಅಡ್ಡ ಇಟ್ಟಳು. ಅವನ ಮುಖ ನೋಡಿ ನಕ್ಕು, ಅವನು ಹುಡುಗನಾಗಿದ್ದಾಗಿನಿಂದ ಆಡುತ್ತ ಬಂದ ಮಾತನ್ನೇ ತಿರುಗಿಸಿ ಆಡಿದಳು:

“ಇವತ್ತ ಸಾಕಾತು ನೋಡೋ, ನಿನ್ನ ಸಾಕಿದ್ದು.”

ಅವನು ಬುಟ್ಟಿ ಕೆಳಗಿಟ್ಟು ಅಲ್ಲೇ ಕೂತು ಅತ್ತ. ಇಷ್ಟು ದಿನ ಗಾಡಿಯ ಮೇಲೆ ಬರೆಸಿಕೊಂಡು ತಿರುಗಿದ ಮಾತು ಅದು. ಆವತ್ತು ಮೊದಲ ಸಲ ಅವನಿಗೆ ಸಿಕ್ಕಿತು.

ಮರುದಿನ ಗಾಡಿಗಳ ಮೇಲಿನ ಬರಹ ಅಳಿಸಿದ. ಇವತ್ತಿಗೂ ಆ ಕಂಪನಿಗೆ ಬಡಿಸಲು ಹೊಸಬರು ಸೇರಿದರೆ ಮೊದಲ ಪಾಠ ಅಡುಗೆಯದ್ದಲ್ಲ, ಆ ಮಾತು ಆಡಬಾರದು ಅನ್ನುವುದು. ಎದೆ ಉಬ್ಬಿಸಿಕೊಂಡು ತಿರುಗುತ್ತಾನೆ ಸಾಹುಕಾರ. ತಿರುಗಲಿ! ಹೆಮ್ಮೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮಾಡಿದ ಕೆಲಸದ ಹೆಮ್ಮೆ ಇಲ್ಲದವನು ಕೆಲಸವನ್ನು ಹೇಗೆ ಮಾಡಿಯಾನು? ಆದರೆ ಆ ಹೆಮ್ಮೆ ಎದುರಿಗಿರುವವನು ಕೈಯಾರೆ ಕೊಟ್ಟದ್ದಾಗಿರಬೇಕು, ನಾವು ಅವನಿಂದ ಹೇಳಿಸಿಕೊಂಡದ್ದಲ್ಲ.

ಇನ್ನು ನಿಮ್ಮ ಮಾತು. ಸಾಹುಕಾರನ ಕಥೆ ಕೇಳಿ ನಕ್ಕಿರಿ. ಇಲ್ಲಿ ಮೇಷ್ಟ್ರು ಇದ್ದೀರಿ. ಪಾಠ ಮುಗಿಸಿ ಏನು ಕೇಳುತ್ತೀರಿ? “ಅರ್ಥ ಆತಲ್ಲ?” ಇಡೀ ಕ್ಲಾಸು “ಆತ್ರೀ” ಅನ್ನುತ್ತದೆ. ಆಗಿರುವುದಿಲ್ಲ. ಅರ್ಥವಾಗದ್ದು ಯಾವುದು ಅಂತ ಕೇಳಿ, ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಬಟ್ಟೆ ಅಂಗಡಿಯವರಿದ್ದೀರಿ, ಇದೇ ಸಾಕಲ್ಲ ಅಂತ ಗಂಟು ಕಟ್ಟಬೇಡಿ, ಇನ್ನೊಂದು ತೆಗೆದು ತೋರಿಸಿ. ಡಾಕ್ಟರು ಇದ್ದೀರಿ. ಈಗ ಆರಾಮಲ್ಲ ಅಂತ ಬಾಗಿಲ ಕಡೆ ನೋಡುತ್ತ ಕೇಳಿದರೆ ರೋಗಿ ಆರಾಮು ಅಂತಲೇ ಹೇಳುತ್ತಾನೆ, ಮನೆಗೆ ಹೋಗಿ ನರಳುತ್ತಾನೆ. ಕಚೇರಿಯವರೂ ಅಷ್ಟೇ. ಇನ್ನು ಗಂಡಸರು. ದಿನಾ ಹೊರಗೆ ಹೋಗುವಾಗ ಚಪ್ಪಲಿ ಮೆಟ್ಟುತ್ತ “ಎಲ್ಲಾ ಐತಲ್ಲ ಮನ್ಯಾಗ?” ಅನ್ನುತ್ತೀರಿ. ಐತಿ ಅನ್ನುತ್ತಾಳೆ. ನಾಳೆ ಚಪ್ಪಲಿ ಬಿಟ್ಟು ಎದುರಿಗೆ ಕೂತು ಕೇಳಿ ನೋಡಿ, ಏನು ಬೇಕಿತ್ತು ನಿನಗೆ ಅಂತ. ಹೆದರಬೇಡಿ, ಕೇಳಿ. ಹೆಂಗಸರು ಎಷ್ಟು ಜೋರು ನಗುತ್ತಿದ್ದಾರೆ ಅಂದರೆ ನಾನು ಸರಿಯಾದ ಜಾಗಕ್ಕೇ ಬಂದಿದ್ದೇನೆ.

ಸಾಕು ಅನ್ನುವ ಮಾತಿಗೆ ನಮ್ಮ ಕನ್ನಡದಲ್ಲಿ ಎರಡು ಅರ್ಥ ಇದೆ. ಒಂದು, ಇನ್ನು ಬೇಡ ಅಂತ. ಇನ್ನೊಂದು, ಪೋಷಿಸು ಅಂತ. ಮೊದಲನೆಯದು ನಿಮ್ಮ ಹತ್ತಿರ ಬಂದವರು ಹೇಳಬೇಕಾದದ್ದು. ಎರಡನೆಯದು ನಿಮ್ಮ ಪಾಲಿನ ಕೆಲಸ.

ನಾನು ಈಗ ನಿಮ್ಮನ್ನು “ಪ್ರವಚನ ಚಲೋ ಆತಲ್ರೀ?” ಅಂತ ಕೇಳುವುದಿಲ್ಲ. ಕೇಳಿದರೆ ಏನು ಹೇಳುತ್ತೀರಿ ಅಂತ ನನಗೆ ಗೊತ್ತು. ಈರಸಂಗಪ್ಪಾ, ಎಲೆ ಹಾಕಿಸು. ಪ್ರಸಾದಕ್ಕೆ ಬುಟ್ಟಿ ಹಿಡಿಯುವವನು ನೀನು, ಇವತ್ತು ಆ ಮಾತು ನಿನ್ನ ಬಾಯಲ್ಲಿ ಬರಬಾರದು. ಎರಡೂ ಕೈ ಎಲೆಯ ಮೇಲೆ ಬರುವ ತನಕ ಬಡಿಸು.