ಎತ್ತಿಲ್ಲದ ಮುಂಭಾರ

"ಹಲೋ... ಹಲೋ, ಯಾರ್ರೀ ಮಾತಾಡೋದು? ಹರಿಹರನಾ? ಹಯಾತ್ ಸಾಬ್ರ ಕಟ್ಟಿಗೆ ಅಡ್ಡೆನಾ?..."

"ಹಾಂ, ಸಾಬ್ರೇ, ನಾನ್ರೀ, ದಾವಣಗೆರೆಯಿಂದ ಕೆಂಚವೀರಪ್ಪ. ಬಂಡಿ ಕಟ್ಟೋ ಕೆಂಚವೀರಪ್ಪ. ನಿಮ್ಮ ಪಕ್ಕದ ಮನೆ ಉಮಾಮಹೇಶ್ವರಿ ಅಪ್ಪ ಅಲ್ವಾ, ಅದೇ... ಆರಾಮದೀನ್ರೀ. ಒಂದೀಟು ನಮ್ಮ ಅಳಿಯಂದ್ರನ್ನ ಕರೀತೀರಾ? ಜರೂರೈತೆ... ಹಾಂ, ಹಿಡ್ಕಂಡೇ ಇರ್ತೀನಿ."

ಮಂಡಿಪೇಟೆಯ ಆ ದಲ್ಲಾಳಿ ಅಂಗಡಿಯಲ್ಲಿ ಫೋನು ಸಾಹುಕಾರ ಪಂಚಾಕ್ಷರಪ್ಪನವರ ಗಾದಿಗೆ ಅಂಟಿಕೊಂಡೇ ಇತ್ತು. ಗುಟ್ಟು ಆಡುವ ಜಾಗವಲ್ಲ ಅದು. ಊರಿಗೆಲ್ಲ ಬಂಡಿ ಕಟ್ಟಿಕೊಟ್ಟು ತಲೆಯೆತ್ತಿ ನಡೆದ ಕೆಂಚವೀರಪ್ಪ, ಈಗ ಬಾಯಿಗೆ ಟವೆಲ್ ಅಡ್ಡ ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಅಳಿಯ ಕರಿಬಸವರಾಜ ದಂಡಿನಲ್ಲಿದ್ದ. ಕಾಶ್ಮೀರದ ಹಿಮದಲ್ಲಿ ಜವಾನರಿಗೆ ಸ್ಕೀ ಹಲಗೆ ಕಟ್ಟಿಕೊಂಡು ಜಾರುವುದನ್ನು ಕಲಿಸುತ್ತಿದ್ದ. ಈ ಸಲ ರಜೆಗೆ ಬರುವಾಗ ತನ್ನ ಜೋಡಿ ಹಲಗೆಗಳನ್ನೂ ಹೊತ್ತು ತಂದಿದ್ದ. ಬೂಟು ಕಚ್ಚುವ ಕಬ್ಬಿಣದ ಸ್ಕ್ರೂಗಳು ಕಿತ್ತು ಬಂದು, ಹಳೆಯ ತೂತು ಸವೆದು ಹೋಗಿದ್ದವು; ಹೊಸ ಜಾಗ ನೋಡಿ ಕೂರಿಸಬೇಕಿತ್ತು. ಅಲ್ಲಿ ಬಡಗಿಗಳಿರಲಿಲ್ಲ ಅಂತಲ್ಲ. ಮಾವನ ಕೈಯಲ್ಲೇ ಆಗಲಿ ಎಂಬ ಆಸೆ ಅವನದು. ಕೆಂಚವೀರಪ್ಪ ಕೂರಿಸಿ ಕೊಟ್ಟೂ ಆಗಿತ್ತು.

"ಹಲೋ... ಯಾರು, ಉಮಾನಾ? ನೀನ್ಯಾಕ ಬಂದೆ ತಾಯಿ? ಅವ್ರೆಲ್ಲಿ?..."

"ಹೊಂಟ್ರಾ? ನಾಳೆ ಅಲ್ವಾ ಹೊರಡೋದು?... ಗಾಡಿ ಹೊಂಟೇ ಹೋತಾ?... ಹಲಗೆ? ಹಲಗೆನೂ ಒಯ್ದ್ರಾ?..."

"ಇಲ್ಲ, ಇಲ್ಲ, ನನಗೇನೂ ಆಗಿಲ್ಲ. ನಿಮ್ಮವ್ವನೂ ಆರಾಮದಾಳೆ... ಏನು? ಬೀದಿ ತುಂಬ ತೋರಿಸಿದ್ರಾ? 'ನಮ್ಮ ಮಾವ ಮಾಡಿದ್ದು' ಅಂತನಾ?... ಹೋದ ಕೂಡ್ಲೇ ಇವನ್ನೇ ಹಾಕ್ಕಂಡು ಎಲ್ಲರಿಗಿಂತ ಮೊದ್ಲು ಇಳೀತಾರಂತಾ?..."

ಕೆಂಚವೀರಪ್ಪ ಟವೆಲನ್ನು ಬಾಯಿಗೆ ಇನ್ನಷ್ಟು ಒತ್ತಿ ಹಿಡಿದ. ಅಳಿಯ ಬೈದು ಹೋಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ.

"ಉಮಾ, ಕೇಳಿಲ್ಲಿ. ಆ ಕಬ್ಬಿಣ ಐತಲ್ಲ, ಬೂಟು ಕಚ್ಚೋದು... ಹಾಂ, ಅದೇ. 'ಮಾವ, ಹಳೇ ತೂತಿಗಿಂತ ಹಿಂದಕ್ಕೆ ಕೂರಿಸ್ರಿ, ಮೆತ್ತನೆ ಹಿಮದಾಗೆ ಹಲಗೆ ಮೂತಿ ಮೇಲೇಳಬೇಕು' ಅಂದಿದ್ರು ಅವ್ರು. ನಾನು... ಮುಂದಕ್ಕೆ ಕೂರಿಸೀನಿ..."

"ಯಾಕ ಅಂದ್ರೆ, ಬಂಡಿ ಕಟ್ಟೋ ಕೈ ಅಲ್ವಾ! ಹಿಂಭಾರ ಆದ್ರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗೀತೈತೆ. ಒಂದೀಟು ಮುಂಭಾರ ಇರ್ಬೇಕು. ಈ ಹುಡುಗಗೆ ಏನ್ ಗೊತ್ತು ಅಂದ್ಕಂಡೆ... ಹೌದವ್ವ, ಒಂದ್ಮಾತು ಅವ್ರನ್ನ ಕೇಳಲಿಲ್ಲ..."

"ಅವ್ರಿಗೆ ಹೆಂಗೆ ಕಾಣ್ತೈತೆ? ಹಳೇ ತೂತಿಗೆ ಅರಗು, ಮರದ ಪುಡಿ ತುಂಬಿ, ಮೇಲೆ ವಾರ್ನಿಷ್ ಎಳೆದ್ನಲ್ಲ... ಚಂದಕ್ಕಲ್ಲವ್ವ. ಕಾಣಬಾರ್ದು ಅಂತಲೇ ಎಳೆದೆ."

ಹಿಂದೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಪಂಚಾಕ್ಷರಪ್ಪನವರ ಕೈ ನಿಂತಿತು. ಕೇಳಿದರೆ ಕೇಳಲಿ ಎಂದು ಕೆಂಚವೀರಪ್ಪ ಟವೆಲನ್ನು ಹೆಗಲಿಗೆ ಎಸೆದುಕೊಂಡ.

"ಇವತ್ತು ಬೆಳಗ್ಗೆ ಇಲ್ಲೇ ಅಂಗಡಿ ಮುಂದೆ ನಾನು ಕಟ್ಟಿದ ಬಂಡಿನೇ ನಿಂತಿತ್ತು, ಹತ್ತಿ ಹೇರ್ಕಂಡು. ಮುಂದೆ ಆನಿಕೆ ಕೋಲು ಕೊಡದೆ ಎತ್ತು ಬಿಚ್ಚಿದ್ರು ನೋಡು, ನೊಗ ದಡ್ ಅಂತ ಮಣ್ಣು ಕಚ್ಚಿತು. ಆಗ ಹೊಳೀತು ನಂಗೆ. ಬಂಡಿ ಮುಂಭಾರ ಎತ್ತು ಹೊರ್ತಾವೆ. ಅಳಿಯಂದ್ರ ಹಲಗೆ ಮುಂದೆ ಎತ್ತೆಲ್ಲೈತೆ ಉಮಾ? ಮೂತಿ ಹಿಮದಾಗೆ ಹೊಕ್ಕಂತು ಅಂದ್ರೆ, ಅಷ್ಟು ಜೋರಾಗಿ ಇಳಿಯೋ ಮನುಷ್ಯ..."

"ಉಮಾ?... ಮಾತಾಡವ್ವ... ಬೈದಾದ್ರೂ ಬಿಡು..."

ಸಿಟ್ಟು ಬಂದರೆ ಮಾತು ನಿಲ್ಲಿಸುವುದು ಮಗಳ ಚಿಕ್ಕಂದಿನ ಅಭ್ಯಾಸ. ಆ ಸುಮ್ಮನಿರುವಿಕೆಗೆ ಕೆಂಚವೀರಪ್ಪ ಯಾವತ್ತೂ ಹೆದರುತ್ತಿದ್ದ. ಹೆದರಿಕೆಯಲ್ಲಿ ಮತ್ತೆ ಅಡ್ಡದಾರಿಯೇ ಹೊಳೆಯಿತು.

"ಒಂದು ಕೆಲಸ ಮಾಡು. ಅವ್ರ ಪಲ್ಟನ್ನಿಗೆ ನೀನೇ ಒಂದು ತಂತಿ ಕೊಟ್ಬಿಡು. 'ಸ್ಕ್ರೂ ಸಡಿಲ, ಬಿಚ್ಚಿ ಹಿಂದಕ್ಕೆ ಕೂರಿಸಿಕೊಳ್ಳಿ' ಅಂತ ಅಷ್ಟೇ. ನಾನು ಬೇಕಂತ ಮಾಡಿದ್ದು ಅಂತ ಬ್ಯಾಡ... ಹಾಂ?..."

"ಕೊಡಲ್ವಾ?... ಇನ್ನೊಂದು ವಾರ್ನಿಷ್ ಅಂತೀಯಾ... ಹೂಂ. ಹೌದು... ನಾನೇ ಹೇಳ್ಬೇಕು ಅಂದ್ರೆ, ಯಾವ ಮುಖ ಇಟ್ಕಂಡು ಹೇಳ್ಲಿ? ಗಾಡಿನೇ ಹೋತಲ್ಲ..."

"ಏನಂದಿ?... ಪೂನಾ ಕಡೆ ಹೋಗ್ಲಿಲ್ವಾ? ಬೆಂಗಳೂರು, ಮದ್ರಾಸ್ ಮ್ಯಾಲೆ ಹೊಂಟ್ರಾ? ಹಂಗಾದ್ರೆ ಗಾಡಿ ನಮ್ಮ ಸ್ಟೇಷನ್ನಿಗೇ ಬರ್ತೈತಲ್ಲ!..."

ಕಾಲಿಗೆ ಚಪ್ಪಲಿ ಹುಡುಕುತ್ತ ಅವನು ಫೋನಿನ ವೈರನ್ನೇ ತುಳಿದ. ಅಳಿಯನಿಗೆ ಕಾಗದ ಬರೆಯಬಹುದು, ತಂತಿ ಕೊಡಬಹುದು; ಎದುರಿಗೆ ನಿಂತು ಹೇಳುವುದೇ ಕಷ್ಟ. ಆದರೆ ಆ ಕಷ್ಟ ಈಗ ರೈಲು ಹತ್ತಿ ಇತ್ತ ಕಡೆಯೇ ಬರುತ್ತಿತ್ತು.

"ಹೋಗ್ತೀನಿ ಉಮಾ. ಬೈರಿಗೆ ತಗಂಡೇ ಹೋಗ್ತೀನಿ. ಗಾಡಿ ಹತ್ತಿ, ಅರಸೀಕೆರೆ ತಂಕ ಆಗ್ಲಿ, ಬೆಂಗಳೂರು ತಂಕ ಆಗ್ಲಿ, ಪಕ್ಕದಾಗೆ ಕೂತು ಅವ್ರು ಬೆರಳಿಟ್ಟ ಜಾಗಕ್ಕೇ ತೂತು ಹೊಡೀತೀನಿ... ಹೂಂ, ಬಾಯಿಬಿಟ್ಟೇ ಹೇಳ್ತೀನಿ. 'ಹುಡುಗಗೆ ಏನ್ ಗೊತ್ತು' ಅಂದ್ಕಂಡಿದ್ದೂ ಹೇಳ್ತೀನಿ. ಬೈದ್ರೆ ಬೈಸ್ಕಂತೀನಿ..."

"ಯಾರದು ನಡುವೆ? ಎಕ್ಸ್‌ಚೇಂಜಾ? ತಡೀರಮ್ಮ, ಒಂದೇ ಮಾತೈತೆ, ಕಟ್ ಮಾಡಬ್ಯಾಡ್ರೀ... ಉಮಾ, ಅವ್ರು ಕೂತಿದ್ದು ಯಾವ ಡಬ್ಬಿ? ಗಾಡಿ ಬಾಳ ಹೊತ್ತು ನಿಲ್ಲಲ್ಲ ಇಲ್ಲಿ. ಇಂಜಿನ್ ಕಡೆನಾ, ಗಾರ್ಡ್ ಕಡೆನಾ?..."

"ಹಲೋ... ಈ ಸಲ ನನ್ನ ಅಂದಾಜು ಬ್ಯಾಡ, ನೀನೇ ಹೇಳು ತಾಯಿ. ಮುಂದಾ, ಹಿಂದಾ?... ಹಲೋ... ಉಮಾ, ಮುಂದಾ..."