ಕೌದಿಯೊಳಗಿನ ಗೆಜ್ಜೆ

...ಇಲ್ರಿ ಖಾಜಾಬಿ ಅಕ್ಕಾ, ಚಾ ಬ್ಯಾಡ್ರಿ, ಮೊದಲ ನಾ ಹೇಳೂದು ಕೇಳ್ರಿ! ನೀವು ಹೊಲದು ಕೊಟ್ಟ ಕೌದಿ ಐತಲ್ಲ, ನನ್ನ ಕೌದಿ, ಅದನ್ನ ಕೊಪ್ಪಳದ ಸ್ಪರ್ಧೆಗೆ ಒಯ್ದು ನಮ್ಮ ಹೆಡ್‌ಮಾಸ್ತರ ಗೋವಿಂದರಾಜ ತನ್ನ ಹೆಸರಿಲೆ ಇಟ್ಟಾನ. ತನ್ನ ಹೆಸರಿಲೆ! ಹನ್ನೊಂದ ವರ್ಷ ಆತು ನಾ ಈ ತಳಕಲ್ಲಿನ ಸಾಲ್ಯಾಗ ವಿಜ್ಞಾನ ಕಲಸಾಕತ್ತು. "ಮಹೇಶ್ವರಿ ಟೀಚರ್, ನೀವು ನಮ್ಮ ತಂಗಿ ಇದ್ದಂಗ" ಅಂತಿದ್ದ. ತಂಗಿಗೆ ಹಿಂಗ ಮಾಡ್ತಾರೇನ್ರಿ?

ನೀವು ಸೂಜಿ ನಿಲ್ಲಸಬ್ಯಾಡ್ರಿ, ಹೊಲಕೋತನ ಕೇಳ್ರಿ.

ಯಾಕ ಹಂಗ ನೋಡ್ತೀರಿ? ಹ್ಞೂಂ, ಮಾಸ್ತರರ ಸ್ಪರ್ಧೆ. ಪಾಠ ತಿಳಿಯೂ ಹಂಗ ಏನರ ಸಾಮಾನ ಮಾಡಿಕೊಂಡ ಹೋಗಿ ತೋರಸಬೇಕು. ಗೆದ್ದವರು ರಾಜ್ಯಮಟ್ಟಕ್ಕ ಹೋಗ್ತಾರ... ಮಕ್ಕಳ ಸ್ಪರ್ಧೆ ಅಂದಿದ್ನ್ಯಾ ನಾನು? ಅಂದಿರಬೇಕು. ಗಡಿಬಿಡ್ಯಾಗ ಏನೇನೋ ಅಂತೀವಿ. ಅದಿರ್ಲಿ.

ಏನ ಕೌದಿರೀ ಅದು! ಹೇಳ್ತೀನಿ ಕೇಳ್ರಿ, ಏನ ಹೊಲದೀರಿ ಅಂತ ನಿಮಗೂ ಗೊತ್ತಾಗ್ಲಿ. ನಮ್ಮ ಮೈತುಂಬ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಜೀವಕೋಶ ಅದಾವ. ಒಂದೊಂದರ ಸುತ್ತಲೂ ಒಂದೊಂದು ಪೊರಿ. ಎರಡ ಪದರಿಂದು, ಕೌದಿ ಇದ್ದಂಗನ. ಈಗ ನೀವು ಉಂಡ್ರಿ, ರಕ್ತದಾಗ ಸಕ್ಕರಿ ಏರ್ತು. ಇನ್ಸುಲಿನ್ ಬರತೈತಿ, "ಸಕ್ಕರಿ ಒಳಗ ತಗೋರಿ" ಅಂತ ಹೇಳಾಕ. ಆದ್ರ ಅದು ತಾ ಒಳಗ ಹೋಗೂದಿಲ್ರಿ! ಹೊರಗ, ಪೊರಿ ಮ್ಯಾಲ, ಗ್ರಾಹಕ ಅಂತ ಒಂದಿರತೈತಿ, ಅದರ ಮ್ಯಾಲ ಕುಂದ್ರತೈತಿ. ಗ್ರಾಹಕದ ತಲಿ ಹೊರಗ, ಕಾಲು ಒಳಗ. ಹೊರಗ ಮುಟ್ಟಿದ್ರ ಒಳಗ ಅಲುಗತೈತಿ, ಒಳಗಿನವ್ರಿಗೆ ಸುದ್ದಿ ಹೋಗತೈತಿ.

ಇದನ್ನ ಹುಡುಗರಿಗೆ ತಿಳಸಬೇಕಾದ್ರ ನನ್ನ ಬಾಯಿ ಒಣಗತಿತ್ತು. ಬೋರ್ಡಿನ ಮ್ಯಾಲ ಬರದ್ರೂ ಇಲ್ಲ, ಪುಸ್ತಕದ ಚಿತ್ರ ತೋರಸಿದ್ರೂ ಇಲ್ಲ. ಕೌದಿ ಬಂತು ನೋಡ್ರಿ! ಮ್ಯಾಲಿನ ಗುಂಡಿ ಎಳದ್ರ ದಾರ ಎರಡೂ ಪದರ ದಾಟಿ ಒಳಗಿನ ಗೆಜ್ಜಿ ಝಲ್ ಅಂತೈತಿ. ಗುಂಡಿ ಹೊರಗ, ಸಪ್ಪಳ ಒಳಗ! ಹಿಂದಿನ ಬೆಂಚಿನ ಮುದುಕಪ್ಪನ ಮಗನೂ "ತಿಳೀತ್ರಿ ಟೀಚರ್" ಅಂದ. ಅಂಥಾ ವಿಚಾರ ಎಷ್ಟ ಮಂದಿಗೆ ಹೊಳಿತೈತಿ ಹೇಳ್ರಿ?

...ನನಗ ಹೊಳೀತು ಅಂತ ನಾ ಎಲ್ಲೆ ಅಂದೆ? ವಿಚಾರ ಛಲೋ ಐತಿ ಅಂದೆ ಅಷ್ಟ.

ಆ ಗೋವಿಂದರಾಜನ ಕತಿ ಕೇಳ್ರಿ. ಕೌದಿ ಹಾಸಿ, ಕೋಟಿನ ಗುಂಡಿ ಹಾಕ್ಕೊಂಡು ನಿಂತಾನ. ತೀರ್ಪು ಕೊಡಾಕ ಒಬ್ರು ಕಾಲೇಜಿನ ಮೇಡಂ ಬಂದಿದ್ರು. ಎಲ್ಲಾ ಮುಟ್ಟಿ ಮುಟ್ಟಿ ನೋಡಿದ್ರು. ಮೂಲ್ಯಾಗ ಏನೋ ಗಟ್ಟಿ ಹತ್ತೇತಿ ಕೈಗೆ. "ಇದೇನ್ರಿ ಸರ್ ಇಲ್ಲೆ?" ಅಂದ್ರು. ಇಂವಾ ಬೆವತಾನ, ಆ ಕಡೆ ಈ ಕಡೆ ನೋಡ್ಯಾನ, "ನ್ಯೂಕ್ಲಿಯಸ್ ರೀ ಮೇಡಂ" ಅಂದ! ಪೊರಿಯಾಗ ನ್ಯೂಕ್ಲಿಯಸ್ ಅಂತ! ನೋಡಾಕ ಬಂದಿದ್ದ ಹುಡುಗರು ಸುದ್ದಾ ನಕ್ಕವು.

ಹಿಂದ ಕುಂತಿದ್ದ ನಾ ತಡೀಲಿಲ್ರಿ. ಎದ್ದ ನಿಂತೆ. "ಸುಳ್ಳು! ಇದು ನಂದು, ನಾನ ಕುಂತು ಹೊಲದೀನಿ" ಅಂದೆ. ಆ ಮೇಡಂ ಭಾಳ ಶಾಂತ ಇದ್ರು. "ಹಂಗಾದ್ರ ನೀವ ಹೇಳ್ರಿ, ಮೂಲ್ಯಾಗ ಏನೈತಿ?" ಅಂದ್ರು. ನನಗೇನ ಗೊತ್ತು? ಪೊರಿಯೊಳಗ ಕೊಲೆಸ್ಟ್ರಾಲ್ ಇರತೈತಲ್ಲ, "ಕೊಲೆಸ್ಟ್ರಾಲ್" ಅಂದುಬಿಟ್ಟೆ. ಕತ್ರಿ ತರಿಸಿದ್ರು. ಹೊಲಿಗಿ ಬಿಚ್ಚಿದ್ರ... ರೊಟ್ಟಿ ಚೂರು!

ಯಾಕ ನಗ್ತೀರಿ? ನಗಬ್ಯಾಡ್ರಿ! ಕೌದಿ ಹಸಕೊಂಡ ಇರಬಾರದು ಅಂತ ಕೊನಿ ಮೂಲ್ಯಾಗ ನೀವು ರೊಟ್ಟಿ ಇಡ್ತೀರಿ ಅಂತ ನನಗ ಯಾರ ಹೇಳಿದ್ರು? ನಾ ಸೂಜಿ ಹಿಡದಾಕಿ ಅಲ್ಲ. ಎಲ್ಲಾರ ಮುಂದ ಮಾನ ಹೋತು ನಂದು, ಆ ಕಳ್ಳನ ಜೋಡಿ ನನ್ನೂ ಕಳ್ಳಿ ಅಂತ ನೋಡಿದ್ರು.

ಹ್ಞಾಂ, ನಕ್ಕಿದ್ದು ಸಾಕು. ಈಗ ಕೆಲಸದ ಮಾತಿಗೆ ಬರ್ತೀನಿ. ಹೊಲದವರ ಕಡಿಂದ ಬರಸಕೊಂಡ ಬರ್ರಿ, ಸೋಮವಾರ ತೀರ್ಪು ಅಂದಾರ ಆ ಮೇಡಂ. ಇಲ್ಲೆ ಬರಕೊಂಡ ಬಂದೀನಿ ನೋಡ್ರಿ: "ಮಹೇಶ್ವರಿ ಟೀಚರ್ ಅವರ ವಿಚಾರ, ಅವರು ಹೇಳಿದಂತೆ ನಾನು ಹೊಲಿದಿದ್ದೇನೆ." ಕೆಳಗ ಒಂದ ಸಹಿ. ಸಹಿ ಆಗದಿದ್ರ ಹೆಬ್ಬೆಟ್ಟು. ಅಷ್ಟ ಆದ್ರ ಅವನ ಮಾರಿಗೆ ಒಗದ ಬರ್ತೀನಿ. ಕೌದಿನೂ ತಂದೀನಿ, ನಿಮ್ಮದ ಹೌದಲ್ಲೋ ನೋಡ್ಕೊರಿ.

ತಗೋರಿ ಪೆನ್ನು.

...ಖಾಜಾಬಿ ಅಕ್ಕಾ? ಒಳಗ ಯಾಕ ನೋಡ್ತೀರಿ? ನಿಮ್ಮ ಮಗಳು ಖುಷ್ಬು ಅದಾಳೇನು? ನಾಕ ದಿನ ಆತು ಸಾಲಿಗೆ ಬಂದಿಲ್ಲ, ಜ್ವರಾ ಅಂದ್ರು ಹುಡುಗ್ಯಾರು. ಜ್ವರಾನ ಅಲ್ರಿ? ಏನರ ಅಂದಳೇನು ನಿಮ್ಮ ಮುಂದ? ಸಣ್ಣ ಹುಡುಗಿ, ಒಂಬತ್ತನೇ ಈಯತ್ತೆ, ಆಕಿಗೇನ ತಿಳಿತೈತಿ... ಹೌದ್ರಿ, ತರಗತ್ಯಾಗ ಎದ್ದು "ನಮ್ಮವ್ವನ ಕೌದಿಗೆ ಗೆಜ್ಜಿ ಕಟ್ಟಿದ್ರ ಹೆಂಗ ಟೀಚರ್" ಅಂದದ್ದು ಆಕಿನ. ಮಕ್ಕಳು ನೂರು ಅಂತಾವ. ಕಲಿಸಿದಾಕಿ ನಾನಲ್ಲೇನು?

ಸಹಿ ಮಾಡ್ರಿ ಅಂದ್ರ ಕೌದಿ ಯಾಕ ಬಿಡಸಾಕತ್ತೀರಿ?

ಅಲ್ಲೆ ಯಾಕ ಬೆರಳ ಆಡಸ್ತೀರಿ, ಅಂಚಿನಾಗ... ಅಲ್ಲೇನಿಲ್ರಿ. ತೂತು ಅವು, ಬರೇ ಸೂಜಿ ತೂತು. ಹಳೆ ಸೀರಿ, ಪಿಸದಾವ...

ಹಂಗ ನೋಡಬ್ಯಾಡ್ರಿ.

ಹೆಡ್‌ಮಾಸ್ತರ ಅಲ್ರಿ. ಅಂವಾ ಒಯ್ಯೂದಕಿಂತ ಮೊದಲ, ನಾನ. ಬ್ಲೇಡ್ ತಗೊಂಡು ಬಿಚ್ಚಿದೆ. ಕೆಂಪು ದಾರದಾಗ ನೀವು ಹೊಲದಿದ್ದ ಹೆಸರು... ಖುಷ್ಬು ಕೌದಿ ಹಿಡಕೊಂಡು "ಟೀಚರ್, ನನ್ನ ಹೆಸರು ಕಾಣ್ತೈತಿಲ್ರಿ?" ಅಂತ ಕೇಳಿದ್ಳು. ಕಾಣ್ತೈತವಾ, ಕೊಪ್ಪಳದಾಗ ಎಲ್ಲಾರಿಗೂ ಕಾಣ್ತೈತಿ ಅಂದಿದ್ದೆ ನಾನು.

ಏನರ ಅನ್ರಿ ಖಾಜಾಬಿ ಅಕ್ಕಾ. ಬೈರಿ ಬೇಕಾದ್ರ. ಸೂಜಿಗೆ ಕೆಂಪು ದಾರ ಯಾಕ ಪೋಣಸಾಕತ್ತೀರಿ...