ಕಡ ತಂದ ಗಾಳಿ

"ಅಣ್ಣಾ... ಆಸ್ಪತ್ರೆ ದಾರಿ ಯಾವ ಕಡೆ?"

ಬಾವಿಕಟ್ಟೆಯ ಮೇಲೆ ಕೂತಿದ್ದವನು ತಲೆ ಎತ್ತಲಿಲ್ಲ. ಅವನ ಹಿಂದೆ ಒಂದು ದೊಡ್ಡ ಆಲದ ಮರ. ಜೀಪಿನ ದೀಪದ ಬೆಳಕು ಬಿಳಲುಗಳವರೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತ್ತು. ರಾತ್ರಿ ಒಂದೂಮುಕ್ಕಾಲು.

ಕೇಳಿದವಳು ನಮ್ಮ ಚಿಕ್ಕಮ್ಮನ ಮಗಳು. ಕಾಲು ಒಂದು ಕಡೆ ನಿಲ್ಲುವುದಿಲ್ಲ ಅಂತ ಮನೆಮಂದಿಯೆಲ್ಲ ಅವಳನ್ನು ಗಿರಗಿಟ್ಲೆ ಅಂತಲೇ ಕರೆಯುವುದು. ರಸ್ತೆಯೇ ಇಲ್ಲದ ಜಾಗಗಳಿಗೆ ಬಾಡಿಗೆ ಜೀಪು ಹೊಡೆಯುವುದು ಅವಳ ಕಸುಬು. ಅಂಥವಳು ಅವತ್ತು ದಾರಿ ತಪ್ಪಿದ್ದಳು. ಹಿಂದಿನ ಸೀಟಿನಲ್ಲಿ ಅವಳ ಅತ್ತೆ, ಗಂಡನ ತಾಯಿ, ಎದೆ ಹಿಡಿದುಕೊಂಡು ಮಲಗಿದ್ದರು. ಸೇತುವೆ ಮುಚ್ಚಿತ್ತು. ಒಣಗಿದ ಹೊಳೆಯ ಮರಳಿಗೇ ಜೀಪು ಇಳಿಸಿದ್ದಳು. ಕತ್ತಲಲ್ಲಿ ಎಲ್ಲೋ ಹತ್ತಬೇಕಾದವಳು ಇನ್ನೆಲ್ಲೋ ದಡ ಹತ್ತಿದ್ದಳು.

"ಇದೇ ಕಲ್ಲುದಾರಿ," ಅವನು ಪಿಸುಗುಟ್ಟಿದ. "ಹನ್ನೊಂದು ಮೈಲಿ. ಆದ್ರೆ ಈ ಟೈರಲ್ಲಿ ಹೋಗ್ಬೇಡಿ."

ಅದು ಅವಳಿಗೂ ಗೊತ್ತಿತ್ತು. ಮರಳು ದಾಟಬೇಕಾದರೆ ಟೈರಿನ ಗಾಳಿ ಇಳಿಸಬೇಕು. ಹನ್ನೆರಡು ಪೌಂಡಿಗೆ ಇಳಿಸಿದರೆ ಟೈರು ಕಲಸಿಟ್ಟ ಹಿಟ್ಟಿನ ಹಾಗೆ ಅಗಲವಾಗಿ ಕೂತು ಹೂತುಹೋಗದೆ ದಾಟಿಸುತ್ತದೆ. ಅದೇ ಟೈರಲ್ಲಿ ಚೂಪುಗಲ್ಲು ಹತ್ತಿದಿರೋ, ಅರ್ಧ ಮೈಲಿಯೊಳಗೆ ರಿಮ್ಮಿನಿಂದ ಕಳಚಿ ಕೈಗೆ ಬರುತ್ತದೆ. ದಡ ಹತ್ತಿದ ಮೇಲೆ ಮತ್ತೆ ಮೂವತ್ತು ತುಂಬಲೇಬೇಕು.

ತುಂಬುವುದು ಯಾವುದರಿಂದ ಅನ್ನುವುದೇ ಕತೆ.

ಮೂರು ತಿಂಗಳ ಹಿಂದೆ ಗ್ಯಾರೇಜಿನ ತಾತ ಒಂದೊಂದೇ ಬೆರಳು ಮಡಚಿ ಬಿಡಿಸಿ ಹೇಳಿದ್ದರು. "ನೋಡು ಮಗಾ, ಎಂಜಿನ್ ಬೆಲ್ಟಿಗೆ ಕೂರಿಸೋ ಕಂಪ್ರೆಸರ್ ಒಂದು. ಎಂಜಿನ್ ತಿರುಗೋ ತನಕ ಗಾಳಿಗೆ ಬರ ಇಲ್ಲ. ಕೂರಿಸೋಕೆ ಎರಡು ದಿನ ಬೇಕು. ಸೋಡಾ ಗ್ಯಾಸಿನ ಸಿಲಿಂಡರ್ ಇನ್ನೊಂದು. ನಿಮಿಷಕ್ಕೊಂದು ಟೈರು. ಆದ್ರೆ ಒಳಗೆ ಎಷ್ಟು ಉಳಿದಿದೆ ಅಂತ ತೂಕ ಹಾಕಿದ್ರೇನೇ ಗೊತ್ತಾಗೋದು. ತೂಗದೆ ಹೊರಟವನು ನಡುದಾರೀಲಿ ಕೂತ. ಮೂರನೇದು ಬ್ಯಾಟರಿಗೆ ಕಚ್ಚಿಸೋ ಈ ಪುಟಾಣಿ ಪಂಪು. ನಿನ್ನ ಟೈರಿನ ಗಾತ್ರ ನೋಡಿದ್ರೇ ಇದಕ್ಕೆ ಜ್ವರ ಬರುತ್ತೆ."

"ಎರಡು ದಿನ ಗಾಡಿ ನಿಲ್ಸಿದ್ರೆ ನಂಗೇ ಜ್ವರ ಬರುತ್ತೆ ತಾತ. ಆ ಪುಟಾಣೀನೇ ಕೊಡಿ."

"ತಗೋ. ಒಂದು ಟೈರು ತುಂಬಿಸು, ಅರ್ಧ ಗಂಟೆ ಆರೋಕೆ ಬಿಡು. ಅವಸರ ಮಾಡಿದ್ಯೋ, ಸುಟ್ಟುಹೋಗುತ್ತೆ."

ಈಗ ಅತ್ತೆಯ ಹತ್ತಿರ ಅರ್ಧ ಗಂಟೆ ಎಲ್ಲಿತ್ತು?

ಗಿರಗಿಟ್ಲೆ ಬಾನೆಟ್ ಎತ್ತಿ ಪಂಪಿನ ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಿದಳು. ಟರ್‍ರ್‍ರ್... ಟಕಟಕಟಕಟಕ. ಮೊದಲನೇ ಟೈರಿಗೇ ಹನ್ನೆರಡು ನಿಮಿಷ ಹಿಡಿಯಿತು.

"ಏನೇ ಅದು ಸದ್ದು?" ಒಳಗಿಂದ ಅತ್ತೆ. "ನಿನ್ನ ಆ ಆಟದ ಸಾಮಾನಾ?"

"ಹೂಂ ಅತ್ತೆ. ನೀವು ಮಾತಾಡ್ಬೇಡಿ."

"ಚಪ್ಪಲಿಗಾದ್ರೆ ಹತ್ತು ಅಂಗಡಿ ಹತ್ತಿಳೀತೀಯ. ಇದನ್ನ ಮಾತ್ರ... ಅಯ್ಯೋ..."

ಆಮೇಲೆ ಅತ್ತೆ ಬೈಯಲಿಲ್ಲ. ಏಳು ವರ್ಷದಲ್ಲಿ ಆ ಬಾಯಿ ಮಾತನ್ನು ಅರ್ಧಕ್ಕೆ ಬಿಟ್ಟಿದ್ದನ್ನು ಗಿರಗಿಟ್ಲೆ ಕಂಡಿರಲಿಲ್ಲ.

ಪಂಪನ್ನು ಆರಲು ಬಿಡಲಿಲ್ಲ. ಬಿಸಿ ಕೊಳವೆಯನ್ನೇ ಎಳೆದು ಎರಡನೇ ಟೈರಿಗೆ ಸಿಗಿಸಿದಳು. ಮೀಟರಿನ ಮುಳ್ಳು ಹದಿಮೂರು... ಹದಿನಾಲ್ಕು... ಟಕಟಕ... ಟಕ್... ಟ... ಕ್. ಸುಟ್ಟ ವೈರಿನ ವಾಸನೆ. ನಿಶ್ಶಬ್ದ. ಅತ್ತೆಯ ಉಸಿರು ಮಾತ್ರ ಕೇಳುತ್ತಿತ್ತು. ಗೊರ್... ಗೊರ್... ಆಮೇಲೆ ಒಂದು ಬಿಡುವು. ಮತ್ತೆ ಗೊರ್.

ಪಂಪನ್ನು ಒದ್ದಳು. ಫೋನ್ ಎತ್ತಿ ಹಿಡಿದು ಜೀಪಿನ ಸುತ್ತ ಓಡಿದಳು, ಸಿಗ್ನಲ್ ಇರಲಿಲ್ಲ. ಕೊನೆಗೆ ಮಂಡಿಯೂರಿ, ಟೈರಿನ ವಾಲ್ವಿಗೆ ಬಾಯಿ ಇಟ್ಟು ಊದಿದಳು. ಹುಚ್ಚು ಅಂತ ಗೊತ್ತಿತ್ತು. ಆದರೂ ಊದಿದಳು. ಧೂಳು ಬಾಯಿಗೆ ಬಂತು, ಕಣ್ಣೀರು ಬಂತು, ಮತ್ತೆ ಊದಿದಳು.

"ಸುಟ್ಟೋಯ್ತಾ?"

ಬೆನ್ನ ಹಿಂದೆಯೇ. ನೆಲದ ತುಂಬ ಒಣಗಿದ ಎಲೆ. ಒಂದೇ ಒಂದು ಎಲೆಯೂ ಚರ್ ಅಂದಿರಲಿಲ್ಲ.

ಅವನ ಕೈಯಲ್ಲೊಂದು ಸಿಲಿಂಡರು. ತುದಿಗೆ ಕೊಳವೆ.

"ಇನ್ನೆಷ್ಟು ಟೈರು?"

"ಮೂರು ಅಣ್ಣ."

"ಇದ್ರಲ್ಲಿ ಮೂರಕ್ಕೇ ಇರೋದು. ನಂಗೆ ನಾಲ್ಕು ಬೇಕಿತ್ತು." ಆಲದ ಹಿಂದಕ್ಕೆ ಗದ್ದದಿಂದ ಸನ್ನೆ ಮಾಡಿದ. "ಹೊರಡೋವಾಗ ತೂಕ ನೋಡ್ಲಿಲ್ಲ."

ಅವಳು ಆ ಕಡೆ ಟಾರ್ಚು ಹಿಡಿದಳು. ಬಿಳಲುಗಳ ಸಂದಿಯಲ್ಲಿ ಒಂದು ಜೀಪಿನ ಹಿಂಭಾಗ. ಕಂಬಳಿ ಹೊದ್ದು ಯಾರೋ ಮಲಗಿದ್ದರು.

"ಯಾರಣ್ಣ ಅವರು?"

"ನಮ್ಮಮ್ಮ."

"ಅವರಿಗೂ ಹುಷಾರಿಲ್ವಾ? ಹಾಗಿದ್ರೆ ನೀವು..."

"ನಮಗೀಗ ಅವಸರ ಇಲ್ಲ," ಅಂದ. "ನೀವು ಹಿಡ್ಕೊಳ್ಳಿ."

ಆ ಮಾತಿನ ಅರ್ಥ ಬಿಡಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕೊಳವೆ ಹಿಡಿದಳು. ಅವನು ವಾಲ್ವು ತಿರುಗಿಸಿದ. ಕಿರ್‍ರ್... ಫುಸ್‌ಸ್‌ಸ್‌ಸ್. ಟೈರು ಕಣ್ಣೆದುರೇ ಎದ್ದು ನಿಂತಿತು. ಸಿಲಿಂಡರಿನ ಕತ್ತಿಗೆ ಬಿಳಿ ಹಿಮ ಕಟ್ಟಿತು. ಅವಳ ಬೆರಳು ತಗುಲಿದ ಕಡೆ ಚರ್ಮ ಅಂಟಿಕೊಂಡು ಚುರುಗುಟ್ಟಿತು. ಅವನು ಬರಿಗೈಯಲ್ಲಿ ಅಲ್ಲೇ ಹಿಡಿದಿದ್ದ. ಮೂರನೇದು... ನಾಲ್ಕನೇದು... ಫುಸ್... ಫು... ನಿಂತಿತು. ಮೀಟರು ಸರಿಯಾಗಿ ಮೂವತ್ತು ತೋರಿಸಿತು.

"ಖಾಲಿದು ತಗೊಂಡೋಗಿ. ತುಂಬಿಸಿ ತಂದ್ಕೊಡಿ. ನಾಲ್ಕಕ್ಕೂ ಆಗೋಷ್ಟು."

"ನಾಳೇನೇ ತರ್ತೀನಿ. ನನ್ನಾಣೆ."

"ಯಾವಾಗಾದ್ರೂ ತನ್ನಿ. ನಾವಿಲ್ಲೇ ಇರ್ತೀವಿ."

ಹನ್ನೊಂದು ಮೈಲಿ ಕಲ್ಲು. ಒಂದು ಟೈರೂ ಕೈಕೊಡಲಿಲ್ಲ. ಮೂರು ಗಂಟೆಗೆ ಅತ್ತೆಯನ್ನು ಸ್ಟ್ರೆಚರಿನಲ್ಲಿ ಒಳಗೆ ಕರೆದೊಯ್ದರು. ಬೆಳಗಾಗುವಷ್ಟರಲ್ಲಿ ಅತ್ತೆ ಕಣ್ಣುಬಿಟ್ಟು, ದಿಂಬು ಸರಿಯಿಲ್ಲ ಅಂತ ನರ್ಸಿಗೆ ಬೈದರು. ಗಿರಗಿಟ್ಲೆ ಕಾರಿಡಾರಿಗೆ ಹೋಗಿ ಗೋಡೆಗೆ ಹಣೆ ಒತ್ತಿ ಅತ್ತಳು.

ಹೊತ್ತು ಏರುತ್ತಲೇ ಸಿಲಿಂಡರು ಎತ್ತಿಕೊಂಡು ಗ್ಯಾಸು ತುಂಬುವವನ ಹತ್ತಿರ ಹೋದಳು. ಹಗಲಿನಲ್ಲಿ ನೋಡಿದರೆ ಅದರ ಮೈಯೆಲ್ಲ ತುಕ್ಕು. ಅವನು ಉಜ್ಜಿ ಉಜ್ಜಿ ತಾರೀಖಿನ ಮುದ್ರೆ ಓದಿದ.

"ನಲವತ್ತೊಂದು ವರ್ಷ ಹಳೇದು ತಾಯಿ. ಎಲ್ಲಿ ಅಗೆದು ತೆಗೆದ್ರಿ?" ವಾಲ್ವಿಗೆ ಸ್ಪ್ಯಾನರ್ ಹಾಕಿ ಜಗ್ಗಿದ. ಸುತ್ತಿಗೆಯಲ್ಲಿ ಹೊಡೆದ. ಅದು ಅಲುಗಲಿಲ್ಲ. "ತುಕ್ಕಲ್ಲೇ ಬೆಸೆದುಕೊಂಡಿದೆ."

"ನಿನ್ನೆ ರಾತ್ರಿ ಇದರಿಂದ ಮೂರು ಟೈರು ತುಂಬಿಸಿದೀನಿ."

"ನನ್ನ ಹತ್ರ ಹೇಳಿದ್ರಿ, ಸರಿ," ಅಂದ ಅವನು. "ಇನ್ಯಾರ ಹತ್ರಾನೂ ಹೇಳ್ಬೇಡಿ."

ಅವಳು ಹೊಸ ಸಿಲಿಂಡರು ಕೊಂಡಳು. ಎರಡು ಸಲ ತೂಗಿಸಿದಳು. ತಾತನ ಗ್ಯಾರೇಜಿನಲ್ಲಿ ತುಟಿಪಿಟಕ್ಕೆನ್ನದೆ ಎರಡು ದಿನ ಜೀಪು ಬಿಟ್ಟು ಬೆಲ್ಟಿನ ಕಂಪ್ರೆಸರ್ ಕೂರಿಸಿಕೊಂಡಳು. ಅತ್ತೆಯನ್ನು ಮನೆಗೆ ಕಳಿಸುವ ದಿನ, ಮೊದಲು ಅವರನ್ನು ಮನೆಗೆ ಬಿಟ್ಟು ಆಮೇಲೆ ಬಾವಿಯ ಹತ್ತಿರ ಹೋಗುವುದು ಅಂತ ಲೆಕ್ಕ ಹಾಕಿದ್ದಳು.

"ನನಗೋಸ್ಕರ ತಂದ ಕಡ," ಅಂದರು ಅತ್ತೆ. "ನಾನೂ ಬರ್ತೀನಿ. ತಿರುಗಿಸು ಗಾಡಿ."

ಅಲ್ಲಿ ಮುಟ್ಟಿದಾಗ ಮುಸ್ಸಂಜೆ. ಆಲದ ಹಿಂದೆ ಜೀಪು ಇತ್ತು. ಜೀಪು ಅನ್ನುವುದಕ್ಕಿಂತ ಅದರ ಎಲುಬು ಅನ್ನಿ. ಬಾನೆಟ್ಟನ್ನು ಸೀಳಿಕೊಂಡು ತೊಡೆಯಷ್ಟು ದಪ್ಪದ ಬಿಳಲು ನೆಲಕ್ಕಿಳಿದಿತ್ತು. ಹಿಂದೆ ಸೀಟೇ ಇರಲಿಲ್ಲ. ಚಕ್ರಗಳಲ್ಲಿ ಬರೀ ರಿಮ್ಮು. ರಬ್ಬರು ಕೊಳೆತು ಯಾವ ಕಾಲವಾಗಿತ್ತೋ.

ಅವಳು ಸಿಲಿಂಡರನ್ನು ಬಾವಿಕಟ್ಟೆಯ ಮೇಲಿಟ್ಟಳು. ಕೊಳವೆ ಸಿಗಿಸಿಟ್ಟಳು.

"ಅಣ್ಣಾ... ತಂದಿದೀನಿ. ತೂಗಿಸಿದೀನಿ. ನಾಲ್ಕಕ್ಕೂ ಆಗುತ್ತೆ."

ವಾಪಸ್ಸು ಬಂದು ಜೀಪು ಹತ್ತಿದಳು. ಕೀಲಿಗೆ ಕೈ ಹಾಕಿದಳು... ಅತ್ತೆ ಅವಳ ಮಣಿಕಟ್ಟು ಹಿಡಿದರು.

"ಶ್... ತಡಿ."

ಕಿರ್‍ರ್... ಫುಸ್‌ಸ್‌ಸ್‌ಸ್.

ಬಿಡುವು. ಒಬ್ಬ ಮನುಷ್ಯ ಒಂದು ಚಕ್ರದಿಂದ ಇನ್ನೊಂದಕ್ಕೆ ನಡೆದುಹೋಗುವಷ್ಟು ಬಿಡುವು.

ಫುಸ್‌ಸ್‌ಸ್‌ಸ್... ಬಿಡುವು... ಫುಸ್‌ಸ್‌ಸ್‌ಸ್...

ಇಬ್ಬರೂ ಹಿಂದೆ ತಿರುಗಿ ನೋಡಲಿಲ್ಲ. ಅತ್ತೆಯ ಬೆರಳುಗಳು ತೊಡೆಯ ಮೇಲೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಇನ್ನೊಂದು ಸಲ ಕೇಳುವವರೆಗೂ ಕಾದರು.

"ನಾಲ್ಕೂ ಆಯ್ತು," ಅಂದರು. "ಹೊರಡು."

ನಂಬದಿದ್ದರೆ ಬಿಡಿ, ನಡೆದದ್ದು ನಡೆದದ್ದೇ. ಗಿರಗಿಟ್ಲೆಯ ಮಾತಿಗೆ ಉಪ್ಪುಖಾರ ಜಾಸ್ತಿ ಅನ್ನುವುದಾದರೆ ಅತ್ತೆಯನ್ನೇ ಕೇಳಿ, ಇನ್ನೂ ಗಟ್ಟಿಯಾಗಿದ್ದಾರೆ. ಸೊಸೆ ಹೇಳುವ ಪ್ರತಿಯೊಂದು ಮಾತಿನಲ್ಲೂ ತಪ್ಪು ಹುಡುಕುವ ಹೆಂಗಸು. ಇದರಲ್ಲಿ ಮಾತ್ರ ಹುಡುಕುವುದಿಲ್ಲ. ಎಷ್ಟು ಸಲ ಕೇಳಿದರೂ ನಾಲ್ಕು ಬೆರಳು ಎತ್ತುತ್ತಾರೆ, ಅಷ್ಟೆ.